ಬಿರುಗಾಳಿಯ ಬೆನ್ನಟ್ಟುವ ದುಸ್ಸಾಹಸ

ಮನುಷ್ಯನ ಗುಣಗಳಲ್ಲಿ ಕುತೂಹಲಕ್ಕೆ ಹಿರಿಯ ಸ್ಥಾನವಿದೆ. ಗುಡುಗಿನ ಸದ್ದು ಕೇಳಿದೊಡನೆ ಕಾಡಿನ ಪ್ರಾಣಿಗಳು ಗವಿಯನ್ನೋ ಪೊದೆಯನ್ನೋ ಸೇರುತ್ತವೆ. ಮನುಷ್ಯನ ಮಗುವಾದರೋ ಮಿಂಚನ್ನು ನೋಡಲು ಕಿಟಕಿಯ ಬಳಿಗೆ ಓಡುತ್ತದೆ. ಈ ಕುತೂಹಲವಿಲ್ಲದಿದ್ದರೆ ವಿಜ್ಞಾನವು ಹುಟ್ಟುತ್ತಿರಲಿಲ್ಲ. ಹಡಗುಗಳು ಕಾಣದ ಕಡಲನ್ನು ದಾಟುತ್ತಿರಲಿಲ್ಲ. ಆದರೆ ಎಷ್ಟೇ ಬೆಲೆಯುಳ್ಳ ಗುಣಕ್ಕೂ ಒಂದು ಎಲ್ಲೆಯುಂಟು. ಕುತೂಹಲವು ವಿವೇಕದ ಕೈ ಹಿಡಿದು ನಡೆದಾಗ ಸಾಹಸವೆನಿಸುತ್ತದೆ. ಆ ಕೈಯನ್ನು ಕೊಡವಿಕೊಂಡು ಓಡಿದಾಗ ದುಸ್ಸಾಹಸವಾಗುತ್ತದೆ. ಇವೆರಡರ ನಡುವಣ ಅಂತರವನ್ನು ತಿಳಿಯಬೇಕಾದರೆ ಅಮೆರಿಕದ ಕರಾವಳಿಯಲ್ಲಿ ಕಂಡುಬರುವ ಒಂದು ವಿಚಿತ್ರ ಹವ್ಯಾಸವನ್ನು ಪರಿಶೀಲಿಸಬಹುದು.

ಪ್ರತಿವರ್ಷ ಜೂನ್ ತಿಂಗಳಿನಿಂದ ನವೆಂಬರ್ ತಿಂಗಳವರೆಗೆ ಅಟ್ಲಾಂಟಿಕ್ ಸಾಗರ, ಕೆರಿಬಿಯನ್ ಸಮುದ್ರ ಹಾಗೂ ಮೆಕ್ಸಿಕೋ ಕೊಲ್ಲಿಗಳಲ್ಲಿ ಭೀಕರವಾದ ಬಿರುಗಾಳಿಗಳು ಏಳುತ್ತವೆ. ಅಲ್ಲಿಯ ಜನ ಇವನ್ನು ಹರಿಕೇನ್ ಎಂದು ಕರೆಯುತ್ತಾರೆ. ಬಂಗಾಳ ಕೊಲ್ಲಿಯಲ್ಲಿ ಎದ್ದು ಆಂಧ್ರ, ಒಡಿಶಾ ತೀರಗಳನ್ನು ಅಪ್ಪಳಿಸುವ ಚಂಡಮಾರುತವೂ ಇದೇ ಜಾತಿಯದು. ಹೆಸರು ಮಾತ್ರ ಬೇರೆ. ಹರಿಕೇನ್ ದಡವನ್ನು ಸಮೀಪಿಸುತ್ತಿದೆಯೆಂಬ ಎಚ್ಚರಿಕೆ ಹೊರಟೊಡನೆ ಕರಾವಳಿಯ ಊರುಗಳು ಬರಿದಾಗತೊಡಗುತ್ತವೆ. ಮಕ್ಕಳು, ಮುದುಕರು, ಸಾಕುಪ್ರಾಣಿಗಳನ್ನು ಹೊತ್ತ ವಾಹನಗಳ ಸಾಲು ಒಳನಾಡಿನತ್ತ ತೆವಳುತ್ತದೆ. ಆಗ ಅದೇ ಹೆದ್ದಾರಿಯಲ್ಲಿ ಎದುರು ದಿಕ್ಕಿಗೆ, ಅಂದರೆ ಕಡಲಿನತ್ತ, ಕೆಲವು ವಾಹನಗಳು ವೇಗವಾಗಿ ಸಾಗುವುದನ್ನು ಕಾಣಬಹುದು. ಅವುಗಳಲ್ಲಿರುವವರೇ ಬಿರುಗಾಳಿಯನ್ನು ಬೆನ್ನಟ್ಟುವವರು. ಬಿರುಗಾಳಿಯ ಕೇಂದ್ರವು ನೆಲವನ್ನು ಮುಟ್ಟುವ ಜಾಗದಲ್ಲಿ, ಮುಟ್ಟುವ ಹೊತ್ತಿಗೆ ಸರಿಯಾಗಿ ನಿಂತು, ಅದರ ರೌದ್ರವನ್ನು ಕಣ್ಣಾರೆ ಕಂಡು ಚಿತ್ರ ತೆಗೆಯಬೇಕೆಂಬುದು ಅವರ ಹಂಬಲ. ಹೀಗೆ ತೆಗೆದ ಚಿತ್ರಗಳನ್ನು ಬೆಚ್ಚನೆಯ ಮನೆಯಲ್ಲಿ ಕುಳಿತು ನೋಡುವವರಿಗೆ ಅದೊಂದು ಅದ್ಭುತ ದೃಶ್ಯ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯು ಬಿರುಗಾಳಿಗೂ ಸಲ್ಲುತ್ತದೆ.

ಬೆಟ್ಟದ ಬಳಿಗೆ ಹೋದಾಗ ಏನು ಕಾಣುತ್ತದೆ? ಹರಿಕೇನ್ ಎಂಬುದು ಕಡಲಿನ ಶಾಖದಿಂದ ನಡೆಯುವ ಒಂದು ಬೃಹದ್ಯಂತ. ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬೆಚ್ಚಗಿರುವ ಕಡಲನೀರು ಆವಿಯಾಗಿ ಮೇಲೇರಿ, ಮೋಡವಾಗಿ ಸಾಂದ್ರಗೊಳ್ಳುವಾಗ ಬಿಡುಗಡೆಯಾಗುವ ಉಷ್ಣವೇ ಅದರ ಆಹಾರ. ಗಾಳಿಯ ವೇಗವು ಗಂಟೆಗೆ 119 ಕಿಲೋಮೀಟರನ್ನು ಮುಟ್ಟಿದಾಗ ಬಿರುಗಾಳಿಗೆ ಹರಿಕೇನ್ ಎಂಬ ಹೆಸರು ಸಲ್ಲುತ್ತದೆ. ಎಂಜಿನಿಯರ್ ಹರ್ಬರ್ಟ್ ಸ್ಯಾಫಿರ್ ಮತ್ತು ಹವಾಮಾನ ವಿಜ್ಞಾನಿ ರಾಬರ್ಟ್ ಸಿಂಪ್ಸನ್ ಇವರ ಹೆಸರಿನಲ್ಲಿರುವ ಮಾಪನದಂತೆ ಹರಿಕೇನುಗಳಲ್ಲಿ ಐದು ವರ್ಗಗಳಿವೆ. ಗಂಟೆಗೆ 252 ಕಿಲೋಮೀಟರಿಗೆ ಕಡಿಮೆಯಿಲ್ಲದ ಗಾಳಿಯುಳ್ಳವು ಐದನೆಯ ವರ್ಗಕ್ಕೆ ಸೇರುತ್ತವೆ.

ಈ ಅಂಕಿಗಳನ್ನು ಓದುವಾಗ ಒಂದು ಸಂಗತಿಯನ್ನು ಮರೆಯಬಾರದು. ಗಾಳಿಯ ವೇಗವು ಇಮ್ಮಡಿಯಾದರೆ ಅದರ ಒತ್ತಡವು ಇಮ್ಮಡಿಯಲ್ಲ, ನಾಲ್ಮಡಿಯಾಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿಗೆ ಕೊಡೆ ಹಿಡಿದು ನಡೆಯುವುದೇ ಕಷ್ಟ. 240 ಕಿಲೋಮೀಟರ್ ವೇಗದ ಗಾಳಿಯು ಅದರ ಹದಿನಾರು ಪಟ್ಟು ಬಲದಿಂದ ತಳ್ಳುತ್ತದೆ. ಅಂತಹ ಗಾಳಿಯಲ್ಲಿ ಛಾವಣಿಯ ತಗಡು ಕತ್ತಿಯಾಗುತ್ತದೆ, ಮರದ ತುಂಡು ಈಟಿಯಾಗುತ್ತದೆ, ಒಡೆದ ಗಾಜು ಬಾಣಗಳ ಮಳೆಯಾಗುತ್ತದೆ. ಕ್ಯಾಮರಾ ಹಿಡಿದು ನಿಂತವನಿಗೆ ಯಾವ ವಸ್ತು ಯಾವ ದಿಕ್ಕಿನಿಂದ ಬರುತ್ತದೆಂಬುದು ತಿಳಿಯುವುದಿಲ್ಲ. ಅಡ್ಡಡ್ಡಲಾಗಿ ಹೊಡೆಯುವ ಮಳೆಯಲ್ಲಿ ಕಣ್ಣು ತೆರೆಯುವುದೂ ಅಸಾಧ್ಯ.

ಆದರೂ ಹರಿಕೇನ್ ಸಮಯದಲ್ಲಿ ಗಾಳಿಗಿಂತ ದೊಡ್ಡ ಕೊಲೆಗಾರನೆಂದರೆ ನೀರು. 1963ರಿಂದ 2012ರವರೆಗಿನ ಐವತ್ತು ವರ್ಷಗಳಲ್ಲಿ ಅಟ್ಲಾಂಟಿಕ್ ಬಿರುಗಾಳಿಗಳ ನೇರ ಹೊಡೆತಕ್ಕೆ ಸಿಕ್ಕಿ ಅಮೆರಿಕದಲ್ಲಿ ಸತ್ತವರ ಪೈಕಿ ನೂರಕ್ಕೆ ಸುಮಾರು ತೊಂಬತ್ತು ಮಂದಿ ನೀರಿಗೆ ಬಲಿಯಾದವರು; ಒಟ್ಟು ಸಾವುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಡಲುಬ್ಬರವೇ ಕಾರಣ. ಬಿರುಗಾಳಿಯು ತನ್ನ ಮುಂದಿರುವ ಸಮುದ್ರವನ್ನು ದಡದ ಮೇಲಕ್ಕೆ ದಬ್ಬುತ್ತದೆ. ತೀರದ ಬಳಿ ಕಡಲು ಆಳವಿಲ್ಲದ ಕಡೆ ಆ ನೀರು ಬೇರೆ ದಾರಿ ಕಾಣದೆ ಊರೊಳಗೆ ನುಗ್ಗುತ್ತದೆ. 2005ರ ಆಗಸ್ಟ್ 29ರಂದು ಕತ್ರಿನಾ ಹರಿಕೇನ್ ಅಪ್ಪಳಿಸಿದಾಗ ಮಿಸಿಸಿಪಿ ರಾಜ್ಯದ ಕರಾವಳಿಯಲ್ಲಿ ಕಡಲು ಎಂಟು ಮೀಟರಿಗೂ ಮಿಗಿಲಾಗಿ ಉಕ್ಕಿತು. ಎರಡಂತಸ್ತಿನ ಮನೆಯ ಮಾಳಿಗೆಯನ್ನು ಮುಳುಗಿಸಲು ಅಷ್ಟು ನೀರು ಸಾಕು. ಒಂದು ಘನ ಮೀಟರ್ ಸಮುದ್ರದ ನೀರು ಒಂದು ಟನ್ನಿಗಿಂತ ಹೆಚ್ಚು ತೂಗುತ್ತದೆ. ರಭಸದಿಂದ ಹರಿಯುವ ಅರ್ಧ ಅಡಿ ನೀರು ಬೆಳೆದ ಮನುಷ್ಯನನ್ನು ಕೆಡವಬಲ್ಲುದು. ಎರಡು ಅಡಿ ನೀರು ಬಹುತೇಕ ವಾಹನಗಳನ್ನು ತೇಲಿಸಿಕೊಂಡು ಹೋಗಬಲ್ಲುದು. ಹೀಗಿರುವಾಗ, ಭದ್ರವಾದ ವಾಹನವೊಂದಿದ್ದರೆ ಸಾಕು, ಯಾವಾಗ ಬೇಕಾದರೂ ಪಾರಾಗಬಹುದೆಂಬ ನಂಬಿಕೆಗೆ ಆಧಾರವೆಲ್ಲಿದೆ?

ಪಾರಾಗಲು ದಾರಿಯೂ ಇರಬೇಕಷ್ಟೆ. ಆ ಕರಾವಳಿಯ ಎಷ್ಟೋ ಊರುಗಳು ಕಿರಿದಾದ ಮರಳು ದ್ವೀಪಗಳ ಮೇಲಿವೆ. ಸೇತುವೆಯೊಂದೇ ಅವುಗಳಿಗೆ ಆಧಾರ. 2022ರ ಸೆಪ್ಟೆಂಬರ್ 28ರಂದು ಇಯಾನ್ ಹರಿಕೇನ್ ಫ್ಲಾರಿಡಾದ ಪಶ್ಚಿಮ ತೀರವನ್ನು ಹೊಡೆದಾಗ ಸ್ಯಾನಿಬೆಲ್ ದ್ವೀಪವನ್ನು ನಾಡಿಗೆ ಜೋಡಿಸಿದ್ದ ಸೇತುಮಾರ್ಗವು ಹಲವೆಡೆ ಕೊಚ್ಚಿಹೋಯಿತು. ಬೆಳಗ್ಗೆ ದ್ವೀಪಕ್ಕೆ ಹೋದ ರಸ್ತೆ ಸಂಜೆಗೆ ಇರಲಿಲ್ಲ.

ಬಿರುಗಾಳಿಯ ಮೋಸಗಳಲ್ಲೆಲ್ಲ ದೊಡ್ಡದು ಅದರ ಕಣ್ಣು. ಸುಳಿಯ ನಟ್ಟನಡುವೆ ಹಲವು ಕಿಲೋಮೀಟರ್ ಅಗಲದ ಶಾಂತವಾದ ವಲಯವೊಂದಿರುತ್ತದೆ. ಇದನ್ನು ಕಣ್ಣೆಂದೂ, ಇದನ್ನು ಸುತ್ತುವರಿದ ಮೋಡದ ಬಳೆಯನ್ನು ಕಣ್ಣಿನ ಗೋಡೆಯೆಂದೂ ಕರೆಯುತ್ತಾರೆ. ಅತ್ಯಂತ ಪ್ರಬಲವಾದ ಗಾಳಿಯಿರುವುದು ಈ ಗೋಡೆಯಲ್ಲಿಯೇ. ಬೆನ್ನಟ್ಟುವವರಿಗೆ ಈ ಕಣ್ಣನ್ನು ಹೊಕ್ಕು ನೋಡುವುದೇ ಪರಮ ಗುರಿ. 1926ರ ಸೆಪ್ಟೆಂಬರ್ 18ರ ಬೆಳಗ್ಗೆ ಮಯಾಮಿ ನಗರದ ಜನರು ಬಯಸದೆಯೇ ಈ ಕಣ್ಣಿನೊಳಗೆ ಸಿಲುಕಿದರು. ರಾತ್ರಿಯಿಡೀ ಬೊಬ್ಬಿರಿದ ಗಾಳಿ ಒಮ್ಮೆಲೇ ನಿಂತಿತು. ಆ ನಗರದಲ್ಲಿ ಹೊಸದಾಗಿ ನೆಲಸಿದವರೇ ಹೆಚ್ಚು. ಅವರಿಗೆ ಹರಿಕೇನ್‌ನ ಅನುಭವವಿರಲಿಲ್ಲ. ಎಲ್ಲವೂ ಮುಗಿಯಿತೆಂದು ಬಗೆದು ಅವರು ಬೀದಿಗೆ ಬಂದರು. ಕೆಲವರು ಕಡಲ ಸೇತುಮಾರ್ಗವನ್ನು ದಾಟಲು ಹೊರಟರು. ಹವಾಮಾನ ಕಚೇರಿಯ ಮುಖ್ಯಸ್ಥನಾಗಿದ್ದ ರಿಚರ್ಡ್ ಗ್ರೇ ಹೊರಗೆ ಓಡಿಬಂದು, ಅಪಾಯ ಕಳೆದಿಲ್ಲ, ಒಳಗೆ ಹೋಗಿರೆಂದು ಕೂಗಿ ಹೇಳಿದನು. ಕೇಳಿದವರು ಕೆಲವರೇ. ಸುಮಾರು ಮುಕ್ಕಾಲು ಗಂಟೆಯೊಳಗೆ ಕಣ್ಣಿನ ಗೋಡೆಯ ಇನ್ನೊಂದು ಪಾರ್ಶ್ವವು ಎದುರು ದಿಕ್ಕಿನಿಂದ ಬಂದೆರಗಿತು. ಬಯಲಿನಲ್ಲಿದ್ದವರಲ್ಲಿ ಅನೇಕರು ಮತ್ತೆ ಮನೆ ಸೇರಲಿಲ್ಲ.

ಇಂದು ವಿಜ್ಞಾನವು ಮುಂದುವರಿದಿದೆ, ಉಪಗ್ರಹಗಳೂ ರಾಡಾರುಗಳೂ ಎಲ್ಲವನ್ನೂ ಮುಂಚೆಯೇ ತಿಳಿಸುತ್ತವೆ, ಆದುದರಿಂದ ಭಯವಿಲ್ಲವೆಂದು ವಾದಿಸುವವರುಂಟು. ಬಿರುಗಾಳಿಯ ದಾರಿಯನ್ನು ಮುನ್ನೆಣಿಸುವ ವಿದ್ಯೆ ಬಹಳ ಸುಧಾರಿಸಿರುವುದು ನಿಜ. ಆದರೆ ಅದು ಎಷ್ಟು ಬೇಗ ಬಲಿಯುತ್ತದೆಂಬುದನ್ನು ನಿಖರವಾಗಿ ಹೇಳುವುದು ಇನ್ನೂ ಕಠಿಣವಾಗಿಯೇ ಉಳಿದಿದೆ. 2023ರ ಅಕ್ಟೋಬರ್‌ನಲ್ಲಿ ಓಟಿಸ್ ಎಂಬ ಸಾಧಾರಣ ಬಿರುಗಾಳಿಯು ಸುಮಾರು ಒಂದು ದಿನದೊಳಗೆ ಐದನೆಯ ವರ್ಗದ ಹರಿಕೇನ್ ಆಗಿ ಬೆಳೆದು ಮೆಕ್ಸಿಕೋ ದೇಶದ ಅಕಾಪುಲ್ಕೊ ನಗರವನ್ನು ಧ್ವಂಸಮಾಡಿತು. ಅನುಭವವೂ ಪೂರ್ಣ ರಕ್ಷೆಯಲ್ಲ. ಸುಂಟರಗಾಳಿಗಳ ಅಧ್ಯಯನಕ್ಕೆ ಜೀವಮಾನವನ್ನೇ ಮುಡಿಪಾಗಿಟ್ಟಿದ್ದ, ಎಚ್ಚರಿಕೆಗೆ ಹೆಸರಾಗಿದ್ದ ಟಿಮ್ ಸಮಾರಸ್ ಎಂಬ ಸಂಶೋಧಕನು 2013ರ ಮೇ 31ರಂದು ಓಕ್ಲಹೋಮ ರಾಜ್ಯದ ಎಲ್ ರೀನೋ ಬಳಿ ತನ್ನ ಮಗ ಹಾಗೂ ಸಹೋದ್ಯೋಗಿಯೊಡನೆ ಸುಂಟರಗಾಳಿಗೇ ಬಲಿಯಾದನು. ನಾಲ್ಕು ಕಿಲೋಮೀಟರಿಗಿಂತ ಅಗಲವಾಗಿ ಹಿಗ್ಗಿದ ಆ ಸುಳಿಯು ಹಠಾತ್ತನೆ ದಿಕ್ಕು ಬದಲಿಸಿತ್ತು. ಬಲ್ಲವರ ಗತಿಯೇ ಹೀಗಾದರೆ ಅರೆಬರೆ ತಿಳಿದವರ ಗತಿಯೇನು?

ಹಾಗಾದರೆ ಬಿರುಗಾಳಿಯ ಬಳಿಗೆ ಯಾರೂ ಹೋಗಲೇಬಾರದೆ? ಈ ಪ್ರಶ್ನೆ ನ್ಯಾಯವಾದುದು. 1943ರ ಜುಲೈ 27ರಂದು ಕರ್ನಲ್ ಜೋಸೆಫ್ ಡಕ್‌ವರ್ತ್ ಎಂಬ ವಿಮಾನ ಚಾಲಕನು ಟೆಕ್ಸಾಸ್ ತೀರದ ಹರಿಕೇನ್ ಒಂದರೊಳಗೆ ಪುಟ್ಟ ವಿಮಾನವನ್ನು ನುಗ್ಗಿಸಿ ಹಿಂದಿರುಗಿದನು. ಪಂದ್ಯವೊಂದರಂತೆ ಆರಂಭವಾದ ಆ ಹಾರಾಟವೇ ಮುಂದೆ ಹರಿಕೇನ್ ಶೋಧನೆಯ ವಿಮಾನಪಡೆಗಳಿಗೆ ನಾಂದಿಯಾಯಿತು. ಇಂದಿಗೂ ಅಂತಹ ವಿಮಾನಗಳು ಬಿರುಗಾಳಿಯನ್ನು ಹೊಕ್ಕು, ಅಳತೆಯ ಉಪಕರಣಗಳನ್ನು ಕೆಳಗಿಳಿಸಿ, ಗಾಳಿಯ ವೇಗವನ್ನೂ ಒತ್ತಡವನ್ನೂ ತಿಳಿದು ಬರುತ್ತವೆ. ಅವು ತರುವ ಮಾಹಿತಿಯಿಂದ ಲಕ್ಷಾಂತರ ಜನರಿಗೆ ಸಕಾಲದಲ್ಲಿ ಎಚ್ಚರಿಕೆ ಸಿಗುತ್ತದೆ. ಈ ಕಾರ್ಯವೂ ನಿರಪಾಯವಲ್ಲ. 1955ರ ಸೆಪ್ಟೆಂಬರ್ 26ರಂದು ಜಾನೆಟ್ ಹರಿಕೇನನ್ನು ಹೊಕ್ಕ ನೌಕಾಪಡೆಯ ವಿಮಾನವೊಂದು ಒಂಬತ್ತು ಮಂದಿ ಸಿಬ್ಬಂದಿಯೊಡನೆಯೂ ಕೆನಡಾದ ಇಬ್ಬರು ಪತ್ರಕರ್ತರೊಡನೆಯೂ ಕಣ್ಮರೆಯಾಯಿತು. ಆದರೆ ಅಲ್ಲಿ ಅಪಾಯಕ್ಕೆ ತಕ್ಕ ಉದ್ದೇಶವಿತ್ತು, ತರಬೇತಿಯಿತ್ತು, ಲೋಕದ ಹಿತವಿತ್ತು. ನೆಲದ ಮೇಲೆ ಬೆನ್ನಟ್ಟುವವರಲ್ಲಿಯೂ ಕೆಲವರು ವಾಯುಭಾರಮಾಪಕವನ್ನು ಕೊಂಡೊಯ್ದು, ಬೇರಾರೂ ಪಡೆಯಲಾರದ ಅಳತೆಗಳನ್ನು ವಿಜ್ಞಾನಿಗಳಿಗೆ ಒದಗಿಸಿದ್ದಾರೆ. ಅವರ ಸೇವೆಯನ್ನು ಅಲ್ಲಗಳೆಯುವುದು ಸರಿಯಲ್ಲ.

ಆದರೆ ಅವರ ಅನುಭವವೇ ಹೇಳುವ ಮಾತೇನು? 2019ರ ಸೆಪ್ಟೆಂಬರ್ 1ರಂದು ಗಂಟೆಗೆ ಸುಮಾರು 295 ಕಿಲೋಮೀಟರ್ ವೇಗದ ಗಾಳಿಯೊಡನೆ ಡೋರಿಯನ್ ಹರಿಕೇನ್ ಬಹಾಮಾ ದ್ವೀಪಗಳಿಗೆ ಎರಗಿತು. ಈ ವಿದ್ಯೆಯಲ್ಲಿ ಪಳಗಿದ ಒಬ್ಬಾತನು ಮಾರ್ಷ್ ಹಾರ್ಬರ್ ಎಂಬ ಊರಿನ ಕಾಂಕ್ರೀಟ್ ಶಾಲಾ ಕಟ್ಟಡದಲ್ಲಿ ಆಶ್ರಯ ಪಡೆದಿದ್ದನು. ಗಾಳಿಯ ಹೊಡೆತಕ್ಕೆ ಕಟ್ಟಡವೇ ನಡುಗಿತು. ಒಳಗಿದ್ದವರು ಮಕ್ಕಳಿಗೆ ಕಂಬಳಿ ಹೊದಿಸಿ ಕಾಪಾಡಬೇಕಾಯಿತು. ಕಣ್ಣು ಹಾದುಹೋದ ಅಲ್ಪಾವಧಿಯ ಶಾಂತಿಯಲ್ಲಿ ಅವರೆಲ್ಲರೂ ಬೇರೊಂದು ಕಟ್ಟಡಕ್ಕೆ ಧಾವಿಸಿ ಜೀವ ಉಳಿಸಿಕೊಂಡರು. ಆತನಿಂದ ಎರಡು ದಿನ ಹೊರಜಗತ್ತಿಗೆ ಸುದ್ದಿಯೇ ಬರಲಿಲ್ಲ. ಪಳಗಿದವನು ಬದುಕಿದ್ದು ವಿದ್ಯೆಯಿಂದ ಎಷ್ಟೋ, ಅದೃಷ್ಟದಿಂದಲೂ ಅಷ್ಟೇ. ಅವನನ್ನು ಕಂಡು ಹುರುಪುಗೊಂಡು ಹೊರಡುವ ಹವ್ಯಾಸಿಗೆ ಆ ವಿದ್ಯೆಯೂ ಇಲ್ಲ. ಅದೃಷ್ಟವನ್ನು ಯಾರೂ ಕಡ ಕೊಡುವುದಿಲ್ಲ.

ತನ್ನ ಜೀವ ತನ್ನದು, ಅದನ್ನು ಪಣಕ್ಕಿಡುವ ಹಕ್ಕು ತನಗಿದೆಯೆಂದು ಒಬ್ಬನು ಹೇಳಬಹುದು. ಈ ವಾದದಲ್ಲಿ ಒಂದು ಕೊರತೆಯಿದೆ. ಪ್ರವಾಹದ ನಡುವೆ ಸಿಲುಕಿದವನು ಕೂಗಿದರೆ ಅವನನ್ನು ಉಳಿಸಲು ಯಾರೋ ಹೋಗಬೇಕು; ಹಾಗೆ ಹೋಗುವವರಿಗೂ ಹೆಂಡತಿ ಮಕ್ಕಳಿದ್ದಾರೆ. ಗಾಳಿಯು ಒಂದು ಮಿತಿಯನ್ನು ಮೀರಿದೊಡನೆ ರಕ್ಷಣಾದಳಗಳು ಕೆಲಸವನ್ನು ನಿಲ್ಲಿಸುವುದು ಅಲ್ಲಿಯ ವಾಡಿಕೆ. ಗಾಳಿ ಇಳಿದ ಮೇಲೆ ಅವರಿಗೆ ಪ್ರತಿಯೊಂದು ನಿಮಿಷವೂ ಅಮೂಲ್ಯ. ಮನೆಯನ್ನು ಬಿಡಲು ಶಕ್ತಿಯಿಲ್ಲದೆ ಉಳಿದ ರೋಗಿಗೆ, ವಾಹನವಿಲ್ಲದ ಬಡವನಿಗೆ ಸಲ್ಲಬೇಕಾದ ದೋಣಿಯು, ನೋಡಲೆಂದೇ ಬಂದವನನ್ನು ಹುಡುಕಲು ಹೋದರೆ ಅದು ಅನ್ಯಾಯವಲ್ಲವೆ? 2017ರ ಆಗಸ್ಟ್‌ನಲ್ಲಿ ಹಾರ್ವೆ ಹರಿಕೇನ್ ಬರುವ ಮುನ್ನ ಟೆಕ್ಸಾಸ್‌ನ ರಾಕ್‌ಪೋರ್ಟ್ ಪಟ್ಟಣದ ಆಡಳಿತದವರು, ಊರು ಬಿಡದೆ ನಿಲ್ಲುವವರು ತಮ್ಮ ಹೆಸರನ್ನು ತೋಳಿನ ಮೇಲೆ ಬರೆದುಕೊಳ್ಳಬೇಕೆಂದು ಸೂಚಿಸಿದರು. ಶವವನ್ನು ಗುರುತಿಸಲು ಅನುಕೂಲವಾಗಲೆಂಬುದೇ ಅದರ ಅರ್ಥ. ಆ ಮಾತು ಕಠೋರವಾದರೂ ಅದರ ಹಿಂದೆ ಕರುಣೆಯಿತ್ತು.

ಬಿರುಗಾಳಿಯ ಸುದ್ದಿಯನ್ನು ಲೋಕಕ್ಕೆ ಮುಟ್ಟಿಸಲು ಗಾಳಿಯಲ್ಲಿ ತೂರಾಡುತ್ತ ನಿಲ್ಲಲೇಬೇಕೆಂಬ ನಿಯಮವೂ ಇಲ್ಲ. 1961ರ ಸೆಪ್ಟೆಂಬರ್‌ನಲ್ಲಿ ಕಾರ್ಲಾ ಹರಿಕೇನ್ ಟೆಕ್ಸಾಸನ್ನು ಸಮೀಪಿಸುತ್ತಿದ್ದಾಗ ಡ್ಯಾನ್ ರಾದರ್ ಎಂಬ ತರುಣ ವರದಿಗಾರನು ಗ್ಯಾಲ್ವೆಸ್ಟನ್ ನಗರದ ಹವಾಮಾನ ಕಚೇರಿಗೆ ಹೋದನು. ಅಲ್ಲಿಯ ರಾಡಾರ್ ತೆರೆಯ ಮೇಲೆ ಕರಾವಳಿಯ ನಕ್ಷೆಯನ್ನು ಹೊಂದಿಸಿ, ಬಿರುಗಾಳಿಯ ವಿಸ್ತಾರವನ್ನು ದೂರದರ್ಶನದಲ್ಲಿ ಜನರಿಗೆ ತೋರಿಸಲಾಯಿತು. 1900ರ ಸೆಪ್ಟೆಂಬರ್ 8ರಂದು ಅದೇ ಗ್ಯಾಲ್ವೆಸ್ಟನ್ ನಗರದಲ್ಲಿ ಕನಿಷ್ಠ ಆರು ಸಾವಿರ ಜನರನ್ನು ಕಡಲು ನುಂಗಿತ್ತು. ಕಾರ್ಲಾ ಬರುವ ಮುನ್ನವಾದರೋ ಲಕ್ಷಾಂತರ ಜನರು ತೀರವನ್ನು ಬಿಟ್ಟು ಸುರಕ್ಷಿತ ಸ್ಥಳಗಳನ್ನು ಸೇರಿದರು. ಅಮೆರಿಕದಲ್ಲಿ ಸತ್ತವರ ಸಂಖ್ಯೆ ಐವತ್ತನ್ನು ಮುಟ್ಟಲಿಲ್ಲ. ನೋಡುವವರನ್ನು ಬೆರಗುಗೊಳಿಸುವ ಚಿತ್ರಕ್ಕೂ ಅವರನ್ನು ಉಳಿಸುವ ಚಿತ್ರಕ್ಕೂ ಇರುವ ವ್ಯತ್ಯಾಸವನ್ನು ಈ ಘಟನೆಯು ತೋರಿಸಿಕೊಡುತ್ತದೆ.

ಪ್ರಕೃತಿಯ ಮಹಾಶಕ್ತಿಗಳಿಗೆ ಮನುಷ್ಯನ ಮೇಲೆ ದ್ವೇಷವಿಲ್ಲ, ಪ್ರೀತಿಯೂ ಇಲ್ಲ. ಎದುರು ನಿಂತವನು ವೀರನೋ ಹುಂಬನೋ ಎಂಬುದನ್ನು ಬಿರುಗಾಳಿ ವಿಚಾರಿಸುವುದಿಲ್ಲ. ಅದನ್ನು ವಿಚಾರಿಸಬೇಕಾದವನು ಮನುಷ್ಯನೇ. ಅಪಾಯದೆಡೆಗೆ ಹೆಜ್ಜೆ ಇಡುವ ಮುನ್ನ ಆ ಹೆಜ್ಜೆಯಿಂದ ಯಾರಿಗೆ ಒಳಿತಾಗುತ್ತದೆ, ಅದಕ್ಕೆ ಬೇಕಾದ ಸಿದ್ಧತೆ ತನಗಿದೆಯೆ, ತಾನು ಎಡವಿದರೆ ಬೆಲೆ ತೆರುವವರು ಯಾರು ಎಂದು ಕೇಳಿಕೊಳ್ಳುವವನೇ ನಿಜವಾದ ಸಾಹಸಿ. ಮಯಾಮಿಯ ಬೀದಿಯಲ್ಲಿ ನಿಂತು, ಒಳಗೆ ಹೋಗಿರೆಂದು ಕೂಗಿದ ಆ ಅಧಿಕಾರಿಯೂ ಅಂದು ಬಿರುಗಾಳಿಯ ಕಣ್ಣಿನಲ್ಲಿಯೇ ನಿಂತಿದ್ದನು. ಆದರೆ ಅವನ ನೋಟವಿದ್ದದ್ದು ಆಕಾಶದ ಅದ್ಭುತದ ಮೇಲಲ್ಲ, ಬೀದಿಯಲ್ಲಿದ್ದ ಜನರ ಮೇಲೆ.