ಅಕ್ಕ ಹುಡುಕಿದ ತಂಗಿ



ಶರಣರ ಚರಿತ್ರೆ, ಹಿರಿಯರ ಆತ್ಮಕಥನ, ಮಕ್ಕಳ ಕೈಗೆ ಕೊಡಬಹುದಾದ ಕಥಾಪುಸ್ತಕ ಇಂತಹವುಗಳ ಪರಿಚಯವನ್ನೇ ಈ ಅಂಕಣದಲ್ಲಿ ಮಾಡುತ್ತ ಬಂದಿದ್ದೇನೆ. ಈ ಸಲ ಅಮೆರಿಕದ ಒಂದು ಪತ್ತೇದಾರಿ ಕಾದಂಬರಿಯನ್ನು ಎತ್ತಿಕೊಂಡಿರುವುದನ್ನು ಕಂಡು ಕೆಲವು ಹಿರಿಯರು ಹುಬ್ಬೇರಿಸಬಹುದು. ಆದರೆ ನಾವೂ ಎಳೆಯ ವಯಸ್ಸಿನಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದ ಮರೆಯಲ್ಲಿಟ್ಟುಕೊಂಡು ಓದಿದವರೇ ಅಲ್ಲವೆ? ಬೇಸಗೆಯ ರಜೆಗೆಂದು ಪರದೇಶದಿಂದ ಬಂದಿದ್ದ ನನ್ನ ಮೊಮ್ಮಗಳು ಮರಳುವಾಗ ಒಂದು ಪುಸ್ತಕವನ್ನು ಇಲ್ಲಿಯೇ ಬಿಟ್ಟುಹೋದಳು. ಅವಳ ವಯಸ್ಸಿನ ಹುಡುಗಿಯರು ಏನನ್ನು ಓದುತ್ತಾರೆಂದು ತಿಳಿಯುವ ಕುತೂಹಲದಿಂದ ಕೈಗೆತ್ತಿಕೊಂಡವಳು ಎರಡು ರಾತ್ರಿ ನಿದ್ದೆಗೆಟ್ಟೆ.

ಪುಸ್ತಕದ ಹೆಸರು 'ವ್ಯಾನಿಷಿಂಗ್ ಗರ್ಲ್ಸ್'. ಕಣ್ಮರೆಯಾಗುವ ಹುಡುಗಿಯರು ಎಂದು ಅರ್ಥ. ಬರೆದವರು ಲಾರೆನ್ ಆಲಿವರ್, ಪ್ರಕಟವಾದದ್ದು 2015ರಲ್ಲಿ. ಈ ಲೇಖಕಿ 2010ರಲ್ಲಿ 'ಬಿಫೋರ್ ಐ ಫಾಲ್' ಎಂಬ ತಮ್ಮ ಮೊದಲ ಕಾದಂಬರಿಯಿಂದಲೇ ಹದಿಹರೆಯದ ಓದುಗರಲ್ಲಿ ಹೆಸರು ಪಡೆದವರು.

ಹದಿಹರೆಯದ ಹುಡುಗಿಯರಿಗಾಗಿ ಪತ್ತೇದಾರಿ ಕಥೆ ಬರೆಯುವ ಪರಿಪಾಠ ಅಲ್ಲಿ ಹೊಸದೇನೂ ಅಲ್ಲ. 1930ರಲ್ಲಿ ಆರಂಭವಾದ ನ್ಯಾನ್ಸಿ ಡ್ರೂ ಮಾಲೆಯನ್ನು ನಮ್ಮಲ್ಲಿಯೂ ಕಾನ್ವೆಂಟಿನಲ್ಲಿ ಕಲಿತ ಅನೇಕರು ಬಲ್ಲರು. ಅದರ ಮೊದಲ ಪುಸ್ತಕದಲ್ಲಿ ಕಳೆದುಹೋದದ್ದು ಒಂದು ಮರಣಪತ್ರ. ನಾಯಕಿ ಜಾಣತನದಿಂದ ಅದನ್ನು ಹುಡುಕಿ ತರುತ್ತಾಳೆ, ಹಕ್ಕುಳ್ಳವರಿಗೆ ನ್ಯಾಯ ದೊರೆಯುತ್ತದೆ. ಈಚಿನ ಪುಸ್ತಕಗಳಲ್ಲಿ ಕಳೆದುಹೋಗುವುದು ಮರಣಪತ್ರವಲ್ಲ, ಒಡಹುಟ್ಟಿದವಳು. ಹುಡುಕುವವಳಿಗೂ ನೆಮ್ಮದಿಯಿಲ್ಲ.

ನಿಕ್ ಮತ್ತು ಡಾರಾ ಅಕ್ಕತಂಗಿಯರು. ಇಂಗ್ಲಿಷಿನಲ್ಲಿ ಇಬ್ಬರಿಗೂ ಒಂದೇ ಶಬ್ದ. ಕನ್ನಡದಲ್ಲಿ ಓದಿಕೊಳ್ಳುವ ನಮ್ಮ ಮನಸ್ಸು ಮಾತ್ರ ಮೊದಲ ಪುಟದಿಂದಲೇ ನಿಕ್ ಅಕ್ಕ, ಡಾರಾ ತಂಗಿ ಎಂದು ಬೇರೆಮಾಡಿ ಇಟ್ಟುಕೊಳ್ಳುತ್ತದೆ. ಈ ಕಥೆಗೆ ಆ ಭೇದವೇ ಕೀಲಿಕೈ ಎಂಬುದು ನನ್ನ ಭಾವನೆ. ಒಂದು ಕಾಲದಲ್ಲಿ ಒಬ್ಬರನ್ನೊಬ್ಬರು ಬಿಟ್ಟಿರದಿದ್ದ ಇವರ ನಡುವೆ ಬಾಲ್ಯದ ಗೆಳೆಯನೊಬ್ಬನ ಕಾರಣದಿಂದ ಬಿರುಕು ಮೂಡುತ್ತದೆ. ತಂದೆತಾಯಿಗಳು ಬೇರೆಯಾಗಿದ್ದಾರೆ. ಒಂದು ರಾತ್ರಿ ಕಾರಿನ ಅಪಘಾತ. ಕಾರು ನಡೆಸುತ್ತಿದ್ದವಳು ಅಕ್ಕ, ಪಕ್ಕದಲ್ಲಿದ್ದವಳು ತಂಗಿ. ಆ ಬಳಿಕ ಕೆಲಕಾಲ ತಂದೆಯ ಬಳಿ ಇದ್ದ ನಿಕ್ ಬೇಸಗೆಯಲ್ಲಿ ತಾಯಿಯ ಮನೆಗೆ ಮರಳುತ್ತಾಳೆ. ಅಪಘಾತದಿಂದ ಮುಖದಲ್ಲಿ ಗಾಯದ ಕಲೆ ಹೊತ್ತ ಡಾರಾ ಅವಳೊಡನೆ ಮಾತನಾಡುವುದಿಲ್ಲ, ಎದುರಿಗೂ ಸುಳಿಯುವುದಿಲ್ಲ. ಒಂದೇ ಸೂರಿನಡಿ ಇದ್ದೂ ಇಬ್ಬರೂ ದೂರ.

ಇದೇ ಹೊತ್ತಿಗೆ ಊರಿನಲ್ಲಿ ಮೆಡಲಿನ್ ಸ್ನೋ ಎಂಬ 9 ವರ್ಷದ ಬಾಲಕಿ ಕಾಣೆಯಾಗುತ್ತಾಳೆ. ಕಾರಿನ ಹಿಂದಿನ ಆಸನದಲ್ಲಿ ಮಲಗಿದ್ದ ಮಗುವನ್ನು ಒಂದಿಷ್ಟು ಹೊತ್ತು ಬಿಟ್ಟು ಹೋದವಳು ಅದರ ಸ್ವಂತ ಅಕ್ಕ. ಆಮೇಲೆ ತನ್ನ ಹುಟ್ಟುಹಬ್ಬದ ದಿನವೇ ಡಾರಾ ಕೂಡ ಕಣ್ಮರೆಯಾಗುತ್ತಾಳೆ. ಎರಡು ಪ್ರಕರಣಗಳಿಗೂ ಸಂಬಂಧವಿದೆಯೆಂದು ಬಗೆದ ನಿಕ್ ತಂಗಿಯ ದಿನಚರಿ, ಛಾಯಾಚಿತ್ರ, ಅವಳ ರಾತ್ರಿಯ ಸಹವಾಸಗಳ ಜಾಡು ಹಿಡಿದು ಹೊರಡುತ್ತಾಳೆ.

ರಹಸ್ಯವನ್ನು ತಾವೇ ಬಿಡಿಸಿಕೊಳ್ಳಬೇಕೆನ್ನುವವರು ಇಲ್ಲಿಗೆ ಈ ಪುಟವನ್ನು ಮಡಿಚಿಟ್ಟು ಪುಸ್ತಕವನ್ನೇ ಓದತಕ್ಕದ್ದು. ಏಕೆಂದರೆ ನಾನು ಹೇಳಬೇಕಾದದ್ದು ಆ ರಹಸ್ಯವನ್ನು ಒಡೆಯದೆ ಹೇಳಲು ಬರುವಂಥದಲ್ಲ.

ಡಾರಾ ಬದುಕಿಯೇ ಇರಲಿಲ್ಲ. ಅಪಘಾತದ ರಾತ್ರಿಯೇ ಅವಳು ತೀರಿಕೊಂಡಿದ್ದಳು. ಅಪಘಾತದ ನಂತರ ಡಾರಾಳ ಹೆಸರಿನಲ್ಲಿ ನಾವು ಓದುತ್ತ ಬಂದ ಅಧ್ಯಾಯಗಳೆಲ್ಲ ನಿಕ್‌ಳ ಒಡೆದ ಮನಸ್ಸಿನವು. ತಾನು ನಡೆಸುತ್ತಿದ್ದ ಕಾರಿನಲ್ಲಿ ತಂಗಿ ಸತ್ತಳೆಂಬುದನ್ನು ತಾಳಲಾರದೆ ಆ ಹುಡುಗಿ ಅರ್ಧ ತಾನಾಗಿ, ಅರ್ಧ ತಂಗಿಯಾಗಿ ಬಾಳುತ್ತಿದ್ದಳು. ಹುಡುಕುತ್ತಿದ್ದವಳೂ ಅವಳೇ, ತಪ್ಪಿಸಿಕೊಂಡು ತಿರುಗುತ್ತಿದ್ದವಳೂ ಅವಳೇ. ಮೆಡಲಿನ್ ಏನಾದಳೆಂಬುದನ್ನು ಮಾತ್ರ ಓದುವವರಿಗೇ ಬಿಟ್ಟಿದ್ದೇನೆ.

ಮೊದಲ ಓದಿನಲ್ಲಿ ನನಗೆ ಕೋಪವೇ ಬಂದಿತು. ಇದು ಓದುಗರ ಕಣ್ಣಿಗೆ ಮಣ್ಣೆರಚುವ ಉಪಾಯವೆನ್ನಿಸಿತು. ತಂದೆತಾಯಿಗಳಿಗೆ ಎಲ್ಲವೂ ತಿಳಿದಿದೆ. ಒಬ್ಬರಾದರೂ ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಕಥೆ ಐವತ್ತನೆಯ ಪುಟದಲ್ಲಿಯೇ ಮುಗಿಯುತ್ತಿತ್ತು. ಲೇಖಕಿ ತನ್ನ ಅನುಕೂಲಕ್ಕಾಗಿ ಎಲ್ಲರ ಬಾಯಿಗೂ ಬೀಗ ಹಾಕಿದ್ದಾಳೆ ಎಂದುಕೊಂಡೆ. ಎರಡನೆಯ ಓದಿನಲ್ಲಿ ಆ ತಾಯಿ ಕಣ್ಣಿಗೆ ಬಿದ್ದಳು. ಆಕೆ ಮೆಡಲಿನ್ ಪ್ರಕರಣದ ಸುದ್ದಿಯಲ್ಲಿಯೇ ಮುಳುಗಿ ಕುಳಿತಿರುತ್ತಾಳೆ. ಪರರ ಮಗುವಿಗಾಗಿ ಮರುಗುವ ಆ ಹೆಂಗಸಿಗೆ ತನ್ನ ಮನೆಯಲ್ಲಿ ಸತ್ತ ಮಗಳ ವಿಷಯವನ್ನು ಉಳಿದ ಮಗಳೊಡನೆ ಆಡಲು ಬಾಯಿಲ್ಲ. ಇದು ಕಟ್ಟುಕಥೆಯ ಉಪಾಯವಲ್ಲ. ಇಂಥ ಮನೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಬಂಧುವರ್ಗದಲ್ಲಿ ಬಹಳ ವರ್ಷಗಳ ಹಿಂದೆ ನಡೆದದ್ದು. ಹನ್ನೊಂದು ವರ್ಷದ ಅಕ್ಕ ಬಟ್ಟೆ ಒಗೆಯಲು ಕೆರೆಗೆ ಹೋಗುವಾಗ ಆರು ವರ್ಷದ ತಂಗಿ ಹಟ ಹಿಡಿದು ಬೆನ್ನಹಿಂದೆ ಹೋಯಿತು. ಮರಳಿ ಬಂದವಳು ಅಕ್ಕ ಒಬ್ಬಳೇ. ಮನೆಯಲ್ಲಿ ಯಾರೂ ಅವಳನ್ನು ಬಯ್ಯಲಿಲ್ಲ, ಹೊಡೆಯಲಿಲ್ಲ. ಮಗು ಹೆದರಿದೆಯೆಂದು ಮಣ್ಣು ಮಾಡುವ ಮೊದಲೇ ಅವಳನ್ನು ಸೋದರಮಾವನ ಊರಿಗೆ ಕಳುಹಿಸಿಬಿಟ್ಟರು. ಶಿವಗಣಾರಾಧನೆಗೂ ಕರೆಸಲಿಲ್ಲ. ಎರಡು ತಿಂಗಳ ಬಳಿಕ ಅವಳು ಬಂದಾಗ ತಂಗಿಯ ಲಂಗ, ಸ್ಲೇಟು, ಆಟದ ಸಾಮಾನು ಒಂದೂ ಮನೆಯಲ್ಲಿರಲಿಲ್ಲ. ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಎಲ್ಲವನ್ನೂ ಪ್ರೀತಿಯಿಂದಲೇ ಮಾಡಿದ್ದರು.

ನಮ್ಮ ಸಮಾಜದಲ್ಲಿ ಲಿಂಗೈಕ್ಯರಾದವರ ಹೆಸರು ಹೇಳಲು ಸ್ಥಳವಿಲ್ಲವೆಂದಲ್ಲ. ಬಂಧುಬಳಗ ಕೂಡಿ ಗಣಾರಾಧನೆ ಮಾಡುತ್ತೇವೆ, ವರ್ಷ ವರ್ಷವೂ ಸ್ಮರಣೆ ಮಾಡುತ್ತೇವೆ, ಭಾವಚಿತ್ರಕ್ಕೆ ಹೂವೇರಿಸುತ್ತೇವೆ. ಆದರೆ ಅದೆಲ್ಲ ಹೆಚ್ಚಾಗಿ ತುಂಬುಬಾಳು ಬಾಳಿದ ಹಿರಿಯರಿಗೆ. ಅಕಾಲದಲ್ಲಿ ಹೋದ ಮಗುವಿನ ಹೆಸರು ಬಂದರೆ ಹಿರಿಯರು ಮಾತು ತಿರುಗಿಸುತ್ತಾರೆ. ಉಳಿದ ಮಗುವಿನ ಕಿವಿಗೆ ಅದು ಹೇಗೆ ಕೇಳಿಸುತ್ತದೆ ಎಂಬುದನ್ನು ಆಲಿವರ್ ಬಲ್ಲರು.

ಈ ಬಗೆಯ ಇನ್ನೊಂದು ಕಾದಂಬರಿಯನ್ನೂ ಹೆಸರಿಸಬೇಕು. ಕೋರ್ಟ್ನಿ ಸಮ್ಮರ್ಸ್ ಅವರ 'ಸೇಡಿ' 2018ರಲ್ಲಿ ಬಂದು, 2019ರಲ್ಲಿ ಪತ್ತೇದಾರಿ ಸಾಹಿತ್ಯದ ಎಡ್ಗರ್ ಪ್ರಶಸ್ತಿಯನ್ನು ಹದಿಹರೆಯದವರ ವಿಭಾಗದಲ್ಲಿ ಪಡೆಯಿತು. ಉಗ್ಗುವ ಹುಡುಗಿ ಸೇಡಿ ತನ್ನ ತಂಗಿಯನ್ನು ಕೊಂದವನನ್ನು ಹುಡುಕಿ ಹೊರಡುತ್ತಾಳೆ. ಅವಳನ್ನು ಹುಡುಕುತ್ತ ಒಬ್ಬ ಬಾನುಲಿ ವರದಿಗಾರ ಹೊರಡುತ್ತಾನೆ. ಬರವಣಿಗೆಯಲ್ಲಿ ಅದೇ ಮೇಲೆಂದರೂ ಸಲ್ಲುತ್ತದೆ. ಅದರ ಕ್ರೌರ್ಯವನ್ನು ಮಾತ್ರ ಎಳೆಯರು ತಡೆದುಕೊಳ್ಳಲಾರರು.

ಆಲಿವರ್ ಅವರ ಪುಸ್ತಕದಲ್ಲಿಯೂ ಕುಡಿತವಿದೆ, ಅಪರಾತ್ರಿಯ ಕೂಟಗಳಿವೆ, ಎಳೆಯ ಹೆಣ್ಣುಮಕ್ಕಳನ್ನು ದುರುಪಯೋಗಪಡಿಸಿಕೊಳ್ಳುವ ದುಷ್ಟರಿದ್ದಾರೆ. ಹದಿನೈದು ತುಂಬದ ಮಕ್ಕಳಿಗೆ ಬೇಡ. ಕೊಡುವ ಮೊದಲು ತಾಯಂದಿರು ಓದಿದರೆ ಒಳ್ಳೆಯದು. ಮಗಳು ಓದಿ ಮುಗಿಸಿದ ಮೇಲೆ 'ಹೇಗಿದೆ' ಎಂದು ಕೇಳಲು ಒಂದು ಆಸ್ಪದವಾದರೂ ಆದೀತು.

ಕೆರೆಯಿಂದ ಒಬ್ಬಳೇ ಮರಳಿದ ಆ ಹುಡುಗಿಗೆ ಈಗ ಅರವತ್ತು ದಾಟಿದೆ. ಕಳೆದ ಶ್ರಾವಣದಲ್ಲಿ ನಮ್ಮ ಮನೆಗೆ ಬಂದವರಿಗೆ ಈ ಪುಸ್ತಕದ ಕಥೆಯನ್ನು ಹೇಳಿದೆ. ಕೊನೆಯವರೆಗೂ ಸುಮ್ಮನೆ ಕೇಳಿದರು. ಬಳಿಕ, ಆ ದಿನ ಕೆರೆಯ ಬಳಿ ಏನಾಯಿತೆಂದು ಈವರೆಗೆ ತಮ್ಮನ್ನು ಯಾರೂ ಕೇಳಿಲ್ಲವೆಂದರು. ನಾನು ಕೇಳಿದೆ. ದೀಪ ಹಚ್ಚುವ ಹೊತ್ತಾದರೂ ಅವರ ಮಾತು ಮುಗಿದಿರಲಿಲ್ಲ.