ಸರಕಾರದ ವಕೀಲ ಯಾರ ವಕೀಲ?

ಮುಂಡರಗಿ ತಾಲೂಕಿನ ಹಮ್ಮಿಗಿಯಲ್ಲಿ ತುಂಗಭದ್ರೆಗೆ ಬ್ಯಾರೇಜ್ ಕಟ್ಟಿ ಗದಗ, ಶಿರಹಟ್ಟಿ ಕಡೆಯ ಎರೆಹೊಲಗಳಿಗೆ ನೀರೆತ್ತುವ ಸಿಂಗಟಾಲೂರು ಯೋಜನೆ ಯಾರಿಗೆ ಬೇಡ? ಆದರೆ ಇಂಥ ಯೋಜನೆಗೆ ಹೊಲ ಬಿಟ್ಟುಕೊಟ್ಟ ರೈತ ನ್ಯಾಯವಾದ ಬೆಲೆಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದಾಗ ಅವನೆದುರು ನಿಲ್ಲುವವರು ಯಾರು? ಅವನದೇ ಸರಕಾರ, ಅವನದೇ ತೆರಿಗೆಯಿಂದ ಸಂಬಳ ಪಡೆಯುವ ವಕೀಲರು.

ಸಿವಿಲ್ ನ್ಯಾಯಾಲಯ ಪರಿಹಾರ ಹೆಚ್ಚಿಸಿತೆನ್ನಿ. ತೀರ್ಪಿನ ಮಸಿ ಆರುವ ಮೊದಲೇ ಮೇಲ್ಮನವಿಯ ಮಾತು. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಸಂಚಾರಿ ಪೀಠ ಬರುವವರೆಗೆ ಮುಂಡರಗಿಯವನು ಹೈಕೋರ್ಟಿಗೆಂದು ಬೆಂಗಳೂರಿಗೇ ಹೋಗಬೇಕಿತ್ತು. 1894ರ ಭೂಸ್ವಾಧೀನ ಕಾಯಿದೆಯಡಿ ಹೆಚ್ಚುವರಿ ಪರಿಹಾರಕ್ಕೆ ಮೊದಲ ವರ್ಷ ಶೇ. 9, ಆಮೇಲೆ ಶೇ. 15 ಬಡ್ಡಿ, 2013ರ ಹೊಸ ಕಾಯಿದೆಯಲ್ಲೂ ಇದೇ ದರ. ಒಂದು ಲಕ್ಷ ರೂಪಾಯಿ ಕೊಡಲು ಹತ್ತು ವರ್ಷ ಸತಾಯಿಸಿದರೆ ಬಡ್ಡಿಯೇ 1,44,000. ಕೊನೆಗೆ ಕಚೇರಿಯ ಕುರ್ಚಿ, ಜೀಪು ಜಪ್ತಿಯಾದ ಸುದ್ದಿ ಓದಿ ನಾವು ನಗುತ್ತೇವೆ. ನಗುವಂಥದ್ದೇನಿದೆ? ಆ ಬಡ್ಡಿ ಮೇಲ್ಮನವಿಗೆ ಸಹಿ ಮಾಡಿದವರ ಜೇಬಿನಿಂದ ಹೋಗುವುದಿಲ್ಲ.

ಇದನ್ನು ತಡೆಯಬಲ್ಲವರು ಇಲಾಖೆಯ, ನಿಗಮದ ಕಾನೂನು ಅಧಿಕಾರಿಗಳು. 'ತೀರ್ಪು ಸರಿಯಿದೆ, ಹಣ ಕೊಟ್ಟುಬಿಡಿ' ಎಂದು ಕಡತದಲ್ಲಿ ಬರೆಯಬೇಕಾದವರು ಅವರೇ. ಬರೆದರೆ? ರೈತನೊಂದಿಗೆ ಶಾಮೀಲಾಗಿದ್ದಾರೆಂಬ ಗುಮಾನಿ, ಆಡಿಟ್ ಆಕ್ಷೇಪಣೆಯ ಭಯ. 'ಮೇಲ್ಮನವಿಗೆ ಯೋಗ್ಯ' ಎಂದು ಬರೆದರೆ ಯಾರೂ ಪ್ರಶ್ನಿಸುವುದಿಲ್ಲ. ಸೋತರೆ ಸೋಲಿಸಿದ್ದು ಕೋರ್ಟು!

ಹಿಮಾಚಲದ ವಿದ್ಯುತ್ ಮಂಡಳಿಯ ಕಾನೂನು ಅಧಿಕಾರಿಯೊಬ್ಬರು ವಕೀಲರಾಗಿ ನೋಂದಣಿಗೆ ಅರ್ಹರಲ್ಲವೆಂದು ಸುಪ್ರೀಂ ಕೋರ್ಟು 2001ರಲ್ಲಿ ಹೇಳಿತು. ಅವರು ಪೂರ್ಣಾವಧಿಯ ನೌಕರ. ಸಂಬಳಕ್ಕಿರುವ ಕಾನೂನು ಸಲಹೆಗಾರ ಹೊರಗಿನ ವಕೀಲನಷ್ಟು ಸ್ವತಂತ್ರನಲ್ಲವೆಂದು ಅದೇ ಕೋರ್ಟು 2025ರ ಅಕ್ಟೋಬರ್‌ನಲ್ಲಿ ಮತ್ತೆ ಹೇಳಿದೆ. ಸ್ವಾತಂತ್ರ್ಯವಿಲ್ಲ ಎಂದು ಕೋರ್ಟೇ ಹೇಳಿದ ಮೇಲೆ ಅದನ್ನು ಕೊಡಬೇಕಾದವರು ಯಾರು?

ಸಾರ್ವಜನಿಕ ಹಣ ಕಾಯಬೇಡವೇ ಎನ್ನುತ್ತಾರೆ. ಖಂಡಿತ ಕಾಯಬೇಕು. ಇಲ್ಲದ ಬಾವಿ, ಇಲ್ಲದ ಮಾವಿನ ಗಿಡ ತೋರಿಸಿ ಪರಿಹಾರ ಕೇಳುವವರ ವಿರುದ್ಧ ಕೊನೆಯವರೆಗೂ ಹೋರಾಡಲಿ. ಆದರೆ ಸಾಚಾ ಯಾವುದು, ಖೋಟಾ ಯಾವುದು ಎಂದು ಬೇರ್ಪಡಿಸಲು ಕಡತ ಓದುವ ವಕೀಲ ಬೇಕು, ಟಪಾಲು ಮುಂದಕ್ಕೆ ಕಳಿಸುವ ಗುಮಾಸ್ತನಲ್ಲ.

ನಮ್ಮ ವೀರಪ್ಪ ಮೊಯಿಲಿಯವರು ಕೇಂದ್ರದ ಕಾನೂನು ಮಂತ್ರಿಯಾಗಿದ್ದಾಗ, 2010ರಲ್ಲಿ, ಸರಕಾರ ಹೊಣೆಯರಿತ ಕಕ್ಷಿದಾರನಾಗಬೇಕೆಂಬ ರಾಷ್ಟ್ರೀಯ ನೀತಿಯೊಂದು ಪ್ರಕಟವಾಯಿತು. ಎರಡೇ ವರ್ಷಕ್ಕೆ, 427 ದಿನ ತಡವಾಗಿ ಮೇಲ್ಮನವಿ ತಂದ ಅಂಚೆ ಇಲಾಖೆಗೆ, ಕಡತ ಮೇಜಿನಿಂದ ಮೇಜಿಗೆ ಹೋಗುವುದು ನೆಪವಾಗದೆಂದು ಸುಪ್ರೀಂ ಕೋರ್ಟು ಹೇಳಬೇಕಾಯಿತು.

ಕಾನೂನು ಅಧಿಕಾರಿಯ ಅಭಿಪ್ರಾಯವನ್ನು ತಳ್ಳಿಹಾಕುವ ಮೇಲಧಿಕಾರಿ ಕಾರಣ ಬರೆದು ಸಹಿ ಮಾಡಲಿ. ಸೋತರೆ ಬಡ್ಡಿಯ ಲೆಕ್ಕವನ್ನು ಆ ಸಹಿಯ ಕೆಳಗೇ ಬರೆಯಲಿ. ಈಗಂತೂ ಮೇಲ್ಮನವಿ ಮುಗಿಯುವ ಮೊದಲೇ ರೈತ ಕಣ್ಮುಚ್ಚಿದರೆ ಅವನ ಹೆಂಡತಿ ಮಕ್ಕಳ ಹೆಸರನ್ನು ಇಲಾಖೆ 90 ದಿನಗಳೊಳಗೆ ಸೇರಿಸಬೇಕು. ಅದಕ್ಕೂ ತಡ. ಆ ತಡವನ್ನು ಮನ್ನಿಸಿರೆಂದು ಇನ್ನೊಂದು ಅರ್ಜಿ.