ನೀರು ಏರುವ ಮೊದಲು ಹಕ್ಕಿಗಳ ಲೆಕ್ಕವಾಗಲಿ

ಆಲಮಟ್ಟಿ ಜಲಾಶಯದ ಈಗಿನ ಗರಿಷ್ಠ ಮಟ್ಟ 519.6 ಮೀಟರ್. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೇ ನ್ಯಾಯಾಧಿಕರಣ ಒಪ್ಪಿದೆ. ಮುಳುಗುವ ಹೊಲ, ಮನೆ, ಬಾವಿ, ಮರಗಳನ್ನು ಸರ್ವೆ ನಂಬರ್ ಹಿಡಿದು ಬರೆದುಕೊಳ್ಳುತ್ತಾರೆ, ಪರಿಹಾರ ಕೊಡಬೇಕಲ್ಲ. ಅದೇ ನೆಲದಲ್ಲಿ ಮೇಯುವ, ಮೊಟ್ಟೆಯಿಡುವ ಹಕ್ಕಿಗಳನ್ನೂ ಅಷ್ಟೇ ಶ್ರದ್ಧೆಯಿಂದ ಬರೆದಿಡಬೇಕು. ನೀರು ಬಂದ ಮೇಲೆ ಮಾಡುವ ಪಟ್ಟಿಯಿಂದ ಏನು ಹೋಯಿತೆಂದು ತಿಳಿಯುವುದಿಲ್ಲ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿಗಳ ಅಂಚಿನಲ್ಲಿ ಭೀಮೆ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಗೆ ಕೃಷ್ಣೆ, ನಡುವೆ ಡೋಣಿ ಹೊಳೆಯ ಎರೆ ನೆಲ. ಹೊರಗಿನವರ ಕಣ್ಣಿಗೆ ಇದು ಬಯಲುಸೀಮೆ, ಅಷ್ಟೆ. ಹಕ್ಕಿಗಳಿಗೆ ಹಾಗಲ್ಲ. ಹಿಂಗಾರಿ ಜೋಳದ ಎರೆ ಹೊಲದಲ್ಲಿ ಇರುವುದು ಕಲ್ಲುಮಡ್ಡಿಯಲ್ಲಿ ಇರುವುದಿಲ್ಲ, ಹಳ್ಳದ ಜಾಲಿಯಲ್ಲಿ ಗೂಡು ಕಟ್ಟುವುದು ಹಿನ್ನೀರಿನ ಕೆಸರಿಗೆ ಇಳಿಯುವುದಿಲ್ಲ. ಹೀಗಿರುವಾಗ ತಾಲ್ಲೂಕಿಗೊಂದು ಪಟ್ಟಿ ಮಾಡಿ ‘ಇಷ್ಟು ಜಾತಿ ಕಂಡವು’ ಎಂದು ಮುಗಿಸಿದರೆ ಕೆಲಸ ಅರ್ಧವೂ ಆಗಿಲ್ಲ. ಯಾವ ಊರಿನ ಯಾವ ನೆಲ, ಯಾವ ದಿನ, ಎಷ್ಟು ಹಕ್ಕಿ ಎಂಬುದು ಬೇಕು. ಊರಿನ ಹೆಸರನ್ನು ಬಿಡಲೇಬಾರದು, ತಾಲ್ಲೂಕಿನ ಗಡಿ ಬದಲಾಗುತ್ತದೆ: ಈ ನಾಲ್ಕರಿಂದ ಒಡೆದ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳು ಈಗ ಬೇರೆಯೇ ತಾಲ್ಲೂಕುಗಳು.

ಸಂಖ್ಯೆಗೆ ಎಷ್ಟು ಬಲವಿದೆ ಎಂಬುದಕ್ಕೆ ಗದಗ ಜಿಲ್ಲೆಯ ಮಾಗಡಿ ಕೆರೆ ಸಾಕ್ಷಿ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲಕ್ಕೆ ಬಂದಿಳಿಯುವ ಆ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ತಾಣಗಳ ರಾಮ್ಸಾರ್ ಪಟ್ಟಿ ಸೇರಿತು. ಒಂದು ಜಾತಿಯ ಒಟ್ಟು ಹಕ್ಕಿಗಳಲ್ಲಿ ಶೇ 1ರಷ್ಟು ಒಂದೆಡೆ ನಿಯಮಿತವಾಗಿ ಸೇರುವುದು ಆ ಪಟ್ಟಿಯ ಮಾನದಂಡಗಳಲ್ಲೊಂದು. ಎಣಿಸದೆ ಅದನ್ನು ಸಾಧಿಸಿ ತೋರಿಸಲಾಗದು. ಆಲಮಟ್ಟಿ ಹಿನ್ನೀರಿಗೂ ಹೆಬ್ಬಾತುಗಳು ಬರುತ್ತವೆ, ರಾಜಹಂಸಗಳೂ ಬರುತ್ತವೆ. ಮಳೆಗಾಲದಲ್ಲಿ ತುಂಬಿದ ನೀರು ಕಾಲುವೆಗಳಿಗೆ ಹರಿದು ಇಳಿದಾಗ ದಂಡೆಯ ಕೆಸರು ತೆರೆದುಕೊಳ್ಳುತ್ತದೆ. ರಾಜಹಂಸ ಮೇಯುವುದು ಆ ತೆಳುನೀರಿನಲ್ಲೇ. ಮಟ್ಟ ಏರಿದರೆ ಈಗಿನ ದಂಡೆ ಆಳಕ್ಕೆ ಹೋಗಿ, ಇಂದಿನ ಹೊಲಗಳೇ ಹೊಸ ದಂಡೆಯಾಗುತ್ತವೆ. ಹಕ್ಕಿಗಳು ಅಲ್ಲಿಗೆ ಸರಿದವೋ ಬೇರೆಡೆಗೆ ಹೋದವೋ ಎಂದು ಹೇಳಲು ಇಂದಿನ ಎಣಿಕೆಯೇ ಆಧಾರವಾಗಬೇಕು.

ಆದರೆ ನನ್ನ ಹೆಚ್ಚಿನ ಆತಂಕ ಮಡ್ಡಿಯದು. ಹಿನ್ನೀರಿನ ರಾಜಹಂಸವನ್ನು ನೋಡಲು ಜನ ಬರುತ್ತಾರೆ, ಫೋಟೊ ಪತ್ರಿಕೆಗೆ ಬರುತ್ತದೆ. ಮಡ್ಡಿಯ ಜುಟ್ಟಿನ ನೆಲಗುಬ್ಬಿಯನ್ನು ಯಾರು ನೋಡುತ್ತಾರೆ? ದಖ್ಖನ್ನಿನ ಹಕ್ಕಿಗಳ ಪಟ್ಟಿಯನ್ನು 1832ರಲ್ಲಿ ಪ್ರಕಟಿಸಿದ ಸೇನಾಧಿಕಾರಿ ವಿಲಿಯಂ ಸೈಕ್ಸ್ ಈ ಹಕ್ಕಿಯನ್ನು ವಿಜ್ಞಾನಕ್ಕೆ ಪರಿಚಯಿಸಿದ. ಭಾರತ ಬಿಟ್ಟು ಬೇರೆಲ್ಲೂ ಇಲ್ಲದ ಹಕ್ಕಿ ಅದು. ಅದು ಬದುಕುವ ಕುರುಚಲು ಬಯಲು ಮಾತ್ರ ಸರ್ಕಾರಿ ದಾಖಲೆಯಲ್ಲಿ ‘ಬಂಜರು’. ಬಂಜರೆಂದ ಮೇಲೆ ಗಾಳಿಯಂತ್ರ, ಸೌರಫಲಕ, ನೆಡುತೋಪು ಯಾವುದಕ್ಕೂ ಅಡ್ಡಿಯಿಲ್ಲ. ಬರದ ಜಿಲ್ಲೆಯಲ್ಲಿ ಗಿಡ ನೆಡುವುದು ಪುಣ್ಯದ ಕೆಲಸವೇ ಸರಿ. ಹುಲ್ಲುಮಡ್ಡಿಯ ಮೇಲೆಲ್ಲ ನೆಟ್ಟರೆ ಮಾತ್ರ ನೆಲದ ಮೇಲೆ ಗೂಡು ಮಾಡುವ ನೆಲಗುಬ್ಬಿಗೂ ಬುರ್ಲಿಗೂ ಮನೆ ಇಲ್ಲದಂತಾಗುತ್ತದೆ. ಹಾಗೆ ನೆಲೆ ಕಳೆದುಕೊಂಡ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಒಂದು ಕಾಲಕ್ಕೆ ದಖ್ಖನ್ನಿನ ಬಯಲುಗಳ ಹಕ್ಕಿ. ಇಂಡಿ ತಾಲ್ಲೂಕಿನ ಗಡಿಯಾಚೆ ಸೋಲಾಪುರದ ನಾನ್ನಜ್‌ನಲ್ಲಿ ಅದಕ್ಕೆಂದೇ ಅಭಯಾರಣ್ಯ ಮಾಡಿದರೂ ಅಲ್ಲಿ ಅದು ಉಳಿದಿದ್ದು ಹೆಸರಿಗಷ್ಟೆ. ನಮ್ಮ ರಾಜ್ಯದಲ್ಲಿ ಸಿರುಗುಪ್ಪದ ಬಯಲಲ್ಲಿ ಬೆರಳೆಣಿಕೆಯಷ್ಟಿವೆ.

ಬರೆದಿಡುವವರು ಎಲ್ಲಿಂದ ಬರಬೇಕು? ಈ ತಾಲ್ಲೂಕುಗಳಲ್ಲಿ ಪದವಿ ಕಾಲೇಜುಗಳಿವೆ, ಪ್ರಾಣಿಶಾಸ್ತ್ರ ಓದುವ ಮಕ್ಕಳಿದ್ದಾರೆ. ಅವರಿಗಿಂತ ಮೊದಲು ಕೇಳಬೇಕಾದವರು ಕುರಿಗಾಹಿಗಳು ಮತ್ತು ಕವಣೆ ಹಿಡಿದು ಜೋಳ ಕಾಯ್ದ ರೈತರು. ಮಧ್ಯ ಏಷ್ಯಾದಿಂದ ದಂಡುಗಟ್ಟಿ ಬರುವ ಗುಲಾಬಿ ಕಬ್ಬಕ್ಕಿ ಯಾವಾಗ ತೆನೆಗೆ ಬೀಳುತ್ತದೆ, ಜೋಳ ಬಿಟ್ಟು ತೊಗರಿ, ಕಬ್ಬು ಹಾಕಿದ ಮೇಲೆ ಎಷ್ಟು ಕಡಿಮೆಯಾಗಿದೆ ಎಂದು ಅವರನ್ನೇ ಕೇಳಬೇಕು. ಮಿಡತೆಗಳನ್ನೂ ತಿನ್ನುವ ಆ ಹಕ್ಕಿ ರೈತನಿಗೆ ಬರೀ ಶತ್ರುವಲ್ಲ.

ಇದಕ್ಕೆ ಹೊಸ ಕಾನೂನು ಬೇಡ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು. ಹಸಿರು ನ್ಯಾಯಮಂಡಳಿ 2020ರ ಜನವರಿಯ ಗಡುವು ಹಾಕಿ, ತಪ್ಪಿದರೆ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ ಎಂದಿತ್ತು. ಗಡುವಿನ ಭಯದಲ್ಲಿ ಕಚೇರಿಯಲ್ಲಿ ಕೂತು ಒಂದೇ ಪಟ್ಟಿಯನ್ನು ಹತ್ತು ಪಂಚಾಯಿತಿಗೆ ನಕಲು ಮಾಡಿದರೆ ಅದು ದಾಖಲೆಯಲ್ಲ. ಕೇರಳದಲ್ಲಿ 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ರಾಜ್ಯವನ್ನು ಚೌಕಗಳಾಗಿ ವಿಂಗಡಿಸಿ, ಮಳೆಯಲ್ಲೂ ಬೇಸಿಗೆಯಲ್ಲೂ ಅದೇ ಚೌಕಗಳಿಗೆ ಹೋಗಿ, ಸುಮಾರು 3 ಲಕ್ಷ ದಾಖಲೆಗಳ ಪಕ್ಷಿ ಭೂಪಟ ಮಾಡಿದರು. ನಮ್ಮ ಹಳೆಯ ನಾಲ್ಕು ತಾಲ್ಲೂಕುಗಳಿಗೆ ಅದು ಅಸಾಧ್ಯವೇ?

ಜಲಾಶಯದ ಮಟ್ಟ ಏರಿಸುವ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದ ಹಣದಲ್ಲಿ ಹಕ್ಕಿ ಸಮೀಕ್ಷೆಗೆ ಒಂದು ಪಾಲು ಇಡಬೇಕು. ಜಲಾಶಯದ ಅಂಚಿನ ಎರೆ ಹೊಲಗಳಿಂದ ಅದು ಶುರುವಾಗಲಿ, ವರ್ಷದ ಮೂರೂ ಕಾಲದಲ್ಲಿ ನಡೆಯಲಿ. ಏಷ್ಯಾದ ನೀರುಹಕ್ಕಿ ಗಣತಿ ಪ್ರತಿ ಜನವರಿಯಲ್ಲಿ ನಡೆಯುತ್ತದೆ. ಬಾಗೇವಾಡಿ, ಮುದ್ದೇಬಿಹಾಳದ ಕಾಲೇಜುಗಳು ಬರುವ ಜನವರಿಗೇ ತಮ್ಮ ಮಕ್ಕಳನ್ನು ನೋಟ್‌ಬುಕ್ ಸಮೇತ ಹಿನ್ನೀರಿನ ದಂಡೆಗೆ ಕಳಿಸಲಿ.